ಭಾಷೆಗೆ ಮೂರು ಸ್ಥಳ, ಮತಕ್ಕೆ ಒಂದು

2011ನೆಯ ಇಸವಿಯ ಫೆಬ್ರವರಿಯಲ್ಲಿ, ರಾಗಿಯ ಒಕ್ಕಣೆ ಮುಗಿದು ಹುಲ್ಲಿನ ಮೆದೆಗಳು ಹಿತ್ತಿಲುಗಳಲ್ಲಿ ಎದ್ದುನಿಂತು, ಹುಣಿಸೆಮರಗಳ ಬುಡದಲ್ಲಿ ಹೆಂಗಸರೂ ಮಕ್ಕಳೂ ಬಡಿದುದುರಿಸಿದ ಹಣ್ಣನ್ನು ಆಯುತ್ತಿದ್ದ ದಿನಗಳಲ್ಲಿ, ಜನಗಣತಿಯ ನಮೂನೆಗಳ ಕಟ್ಟನ್ನು ಕಂಕುಳಲ್ಲಿರಿಸಿಕೊಂಡು ತಮಿಳುನಾಡಿನ ಹೊಸೂರು ಸೀಮೆಯಲ್ಲಿ ಡೆಂಕಣಿಕೋಟೆಯಿಂದಾಚೆಯ ಕೆಲವು ಹಳ್ಳಿಗಳಲ್ಲಿ ಮನೆಮನೆಯ ಬಾಗಿಲಿಗೂ ಹೋಗುವ ಕರ್ತವ್ಯ ನನ್ನ ಪಾಲಿಗೆ ಬಂದಿತು. ಕನ್ನಡ ಶಾಲೆಯ ಮೇಷ್ಟರಾಗಿ ಆ ಸೀಮೆಯಲ್ಲಿ ಬಹುಕಾಲ ಕಳೆದಿದ್ದ ನನಗೆ ಆ ಮನೆಗಳೇನೂ ಹೊಸವಲ್ಲ. ಅಲ್ಲಿನ ಮಕ್ಕಳಲ್ಲಿ ಅನೇಕರಿಗೆ ನಾನೇ ಅಕ್ಷರ ತಿದ್ದಿಸಿದ್ದೆ, ಅವರ ಮದುವೆ ಮುಂಜಿಗಳಲ್ಲಿ ಉಂಡಿದ್ದೆ, ಸಾವುಗಳಲ್ಲಿ ಜೊತೆಗೆ ನಡೆದಿದ್ದೆ. ಆದರೆ ಬಲ್ಲ ಜನರನ್ನೇ ಎದುರಿಗೆ ಕೂರಿಸಿಕೊಂಡು, ಸರ್ಕಾರದ ಪರವಾಗಿ, 'ನೀವು ಯಾರು?' ಎಂದು ಅಂಕಣ ಅಂಕಣವಾಗಿ ಕೇಳುವುದು ಮಾತ್ರ ನನಗೆ ಹೊಸದಾಗಿದ್ದಿತು.

ಆ ನಮೂನೆಯಲ್ಲಿ ಮಾತೃಭಾಷೆಗೆಂದು ಒಂದು ಸ್ಥಳ, ಬಲ್ಲ ಇತರ ಭಾಷೆಗಳಿಗೆಂದು ಇನ್ನೆರಡು ಸ್ಥಳ, ಒಟ್ಟು ಮೂರು ಇದ್ದುವು. ಇಡೀ ದೇಶಕ್ಕೆಂದು ಮಾಡಿದ ಆ ಏರ್ಪಾಡು ಹೊಸೂರಿನ ಸೀಮೆಗೆಂದೇ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಒಪ್ಪುತ್ತಿದ್ದಿತು. ಏಕೆಂದರೆ ಒಲೆಯ ಮುಂದೆ ಕನ್ನಡವನ್ನೂ, ಸಂತೆಯಲ್ಲಿ ತೆಲುಗನ್ನೂ, ತಾಲ್ಲೂಕು ಕಚೇರಿಯಲ್ಲಿ ತಮಿಳನ್ನೂ ಆಡಿ, ಹಾಗೆ ಆಡುವಾಗ ತಾನು ಒಂದನ್ನು ಬಿಟ್ಟು ಇನ್ನೊಂದಕ್ಕೆ ದಾಟಿದೆನೆಂಬ ಅರಿವೂ ಇಲ್ಲದೆ ಬಾಳುವ ಜನ ಇಲ್ಲಿ ಎಲ್ಲ ಕೇರಿಗಳಲ್ಲಿಯೂ ಇದ್ದಾರೆ. 'ನಿಮ್ಮದು ಯಾವ ಭಾಷೆ?' ಎಂದರೆ ಕೇಳಿದವನ ಮುಖ ನೋಡಿ ಉತ್ತರ ಕೊಡುವುದು ಇಲ್ಲಿನ ವಾಡಿಕೆ. ಅದು ವಂಚನೆಯಲ್ಲ, ಬಂದ ಅತಿಥಿಗೆ ಅವನು ಕೂರಬಲ್ಲ ಮಣೆಯನ್ನು ಹಾಕುವ ಸೌಜನ್ಯ. ಆ ಮೂರು ಸ್ಥಳಗಳನ್ನು ತುಂಬುವಾಗ ನನಗಾಗಲಿ ಅವರಿಗಾಗಲಿ ಎಲ್ಲಿಯೂ ತೊಡಕಾಗಲಿಲ್ಲ. ತೊಡಕಾದದ್ದು ಮತದ ಅಂಕಣದಲ್ಲಿ. ಅಲ್ಲಿ ಇದ್ದುದು ಒಂದೇ ಸ್ಥಳ.

ಒಂದು ಮನೆಯ ಜಗಲಿಯ ಮೇಲೆ ಎಪ್ಪತ್ತರ ಸಮೀಪದ ಯಜಮಾನರೊಬ್ಬರು ಕುಳಿತಿದ್ದರು. ವಯಸ್ಸು, ವಿದ್ಯೆ, ಬೇಸಾಯ, ಮಕ್ಕಳ ಸಂಖ್ಯೆ ಎಲ್ಲವೂ ಸರಾಗವಾಗಿ ಸಾಗಿ ಮತದ ಅಂಕಣಕ್ಕೆ ಬಂದಾಗ ಆತ ಸುಮ್ಮನಾದರು.

"ಏನಂತ ಬರೀಲಿ, ಯಜಮಾನರೇ?" ಎಂದೆ.

"ದೇವರು ಐತೆ ಅಂತ ನಂಗೆ ಯಾವತ್ತೂ ಅನ್ನಿಸಲಿಲ್ಲ ಮೇಷ್ಟ್ರೇ."

"ಹಾಗಾದರೆ ನಾಸ್ತಿಕರು ಅಂತ ಬರಕೊಳ್ಳಲೇ?"

"ಆ ಮಾತೂ ನಂದಲ್ಲ. ಅದು ಕರಿ ಅಂಗಿಯೋರದು. ನಾನು ತೇರಿಗೆ ಮರ ಕೊಡೋನು."

ಕರಿ ಅಂಗಿಯವರೆಂದರೆ ದ್ರಾವಿಡ ಚಳವಳಿಯ ನಿರೀಶ್ವರವಾದಿಗಳು. ಮರ ಕೊಡುವುದೆಂದರೇನೆಂಬುದೂ ನನಗೆ ತಿಳಿದಿದ್ದಿತು. ಅವರ ಊರಿನ ತೇರು ಇಳಿಜಾರಿನ ಬೀದಿಯಲ್ಲಿ ಸಾಗತಕ್ಕದ್ದು. ಜನ ಹಗ್ಗ ಎಳೆಯುತ್ತಾರೆ, ತೇರು ಒಮ್ಮೆ ಉರುಳತೊಡಗಿದರೆ ಅದನ್ನು ನಿಲ್ಲಿಸುವುದು ಹಗ್ಗದವರ ಕೈಯಲ್ಲಿಲ್ಲ. ಚಕ್ರದ ಮುಂದೆ ಬಾಗಿ, ಉರುಳಿ ಬರುವ ಗಾಲಿಯ ಅಡಿಗೆ ಸರಿಯಾದ ಕ್ಷಣದಲ್ಲಿ ಹುಣಿಸೆಯ ಅಡ್ಡಮರವನ್ನು ಕೊಟ್ಟು, ಕೊಟ್ಟ ಕೈಯನ್ನು ಅದೇ ಕ್ಷಣದಲ್ಲಿ ಹಿಂದಕ್ಕೆ ಸೆಳೆದುಕೊಳ್ಳುವವನ ಕೈಯಲ್ಲಿದೆ. ಅದು ಆತನ ತಂದೆ ಮಾಡುತ್ತಿದ್ದ ಕೆಲಸ, ತಾತ ಮಾಡುತ್ತಿದ್ದ ಕೆಲಸ. ದೇವರನ್ನು ನಂಬದ ಮನುಷ್ಯ ದೇವರ ತೇರಿನ ಬುಡದಲ್ಲಿ ಪ್ರಾಣವನ್ನು ಪಣಕ್ಕಿಟ್ಟು ನಿಲ್ಲುವುದೇತಕ್ಕೆ ಎಂದು ನಾನು ಕೇಳಿದೆನೆಂದು ತೋರುತ್ತದೆ; ಅಥವಾ ನನ್ನ ಮುಖವೇ ಕೇಳಿತೋ ಏನೋ.

"ದೇವರು ಐತೋ ಇಲ್ಲವೋ, ಚಕ್ರದ ತಾವ ಜನಗಳ ಕಾಲು ಐತಲ್ಲ ಮೇಷ್ಟ್ರೇ," ಎಂದರು.

ಅಷ್ಟರಲ್ಲಿ ಒಳಗಿನಿಂದ ಸೊಸೆ, "ಹಿಂದೂ ಅಂತ ಬರಕೊಳ್ಳಿ ಸಾರ್, ಮಾವ ಹಂಗೇ ಏನಾದ್ರೂ ಅಂತಿರ್ತಾರೆ" ಎಂದು ಕೂಗಿದಳು. "ಅವಳು ಹೇಳಿದ್ದು ಬರಕೊಳ್ಳಿ, ನಂಗೇನೂ ಅಡ್ಡಿಯಿಲ್ಲ" ಎಂದರು ಯಜಮಾನರು. ನಾನು ಬರೆದುಕೊಂಡೆ. ಬರೆದದ್ದು ಸುಳ್ಳೆಂದು ಇಂದಿಗೂ ಹೇಳಲಾರೆ. ಸಾಲದೆಂದು ಮಾತ್ರ ಹೇಳಬಲ್ಲೆ. ಆ ದಿನದಿಂದ ಇಂದಿನವರೆಗೂ, ಮನುಷ್ಯನ ಸ್ವತ್ವವನ್ನು ಆಸ್ತಿಕ, ನಾಸ್ತಿಕ ಎಂಬ ಎರಡು ಬುಟ್ಟಿಗಳಲ್ಲಿ ಹಾಕಿ ತೂಗುವವರನ್ನು ಕಂಡಾಗಲೆಲ್ಲ ನನಗೆ ಆ ಜಗಲಿ ನೆನಪಾಗುತ್ತದೆ.

ಆ ಎರಡು ಶಬ್ದಗಳೇ ಮೊದಲಿನಿಂದ ಒಂದು ನಿಶ್ಚಿತಾರ್ಥದಲ್ಲಿ ನಿಂತವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪಾಣಿನಿಯ ವ್ಯಾಕರಣದಲ್ಲಿ ಅವುಗಳ ವ್ಯುತ್ಪತ್ತಿ 'ಉಂಟು' ಎಂಬ ಬುದ್ಧಿಯುಳ್ಳವನು, 'ಇಲ್ಲ' ಎಂಬ ಬುದ್ಧಿಯುಳ್ಳವನು ಎಂಬಷ್ಟಕ್ಕೇ ನಿಲ್ಲುತ್ತದೆ. ಏನು ಉಂಟು, ಏನು ಇಲ್ಲ ಎಂದರೆ ಪರಲೋಕವೆಂದು ವ್ಯಾಖ್ಯಾನಕಾರರು ತುಂಬಿಕೊಡುತ್ತಾರೆ. ಮನುವಿಗೆ ಬಂದರೆ ವೇದವನ್ನು ನಿಂದಿಸುವವನು ನಾಸ್ತಿಕ. ಈಶ್ವರನನ್ನು ಒಪ್ಪದವನು ನಾಸ್ತಿಕನೆಂಬ ಅರ್ಥ, ಇಂದು ನಾವು ಏಕೈಕವೆಂದು ಭಾವಿಸಿರುವ ಅರ್ಥ, ದರ್ಶನಗಳ ವಿಂಗಡಣೆಗೆ ಆಧಾರವೇ ಆಗಿರಲಿಲ್ಲ. ಜಗತ್ತಿಗೊಬ್ಬ ಕರ್ತೃವನ್ನು ಕಲ್ಪಿಸದ ಸಾಂಖ್ಯವೂ, ಸೃಷ್ಟಿಕರ್ತನಾದ ಈಶ್ವರನುಂಟೆಂಬ ವಾದವನ್ನು ಕುಮಾರಿಲಭಟ್ಟನ ಬಾಯಿಂದ ಖಂಡಿಸಿದ ಮೀಮಾಂಸೆಯೂ ಆಸ್ತಿಕದರ್ಶನಗಳ ಪಂಕ್ತಿಯಲ್ಲಿ ಗೌರವದಿಂದ ಕುಳಿತಿವೆ. ಅಹಿಂಸೆಯನ್ನೂ ತಪಸ್ಸನ್ನೂ ಪರಮಾವಧಿಗೆ ಒಯ್ದ ಜೈನದರ್ಶನ ನಾಸ್ತಿಕಪಂಕ್ತಿಗೆ ಸಂದಿದೆ.

ಈ ಲೆಕ್ಕವನ್ನು ಹಿಡಿದರೆ ಕನ್ನಡದ ಆದಿಕವಿಯೇ ನಾಸ್ತಿಕನಾಗಬೇಕಾಗುತ್ತದೆ. ಪಂಪನ ಪೂರ್ವಿಕರು ವೈದಿಕ ಬ್ರಾಹ್ಮಣರು. ಜಿನಧರ್ಮವನ್ನು ಹಿಡಿದವನು ಅವನ ತಂದೆ. 941ರ ಸುಮಾರಿನಲ್ಲಿ ಅವನು ಆದಿತೀರ್ಥಂಕರನ ಕಥೆಯನ್ನೂ ಅರ್ಜುನನ ಕಥೆಯನ್ನೂ ಬರೆದು, ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿದೆನೆಂದು ತಾನೇ ಹೇಳಿಕೊಂಡನು. ವೈದಿಕಕುಲದ ರಕ್ತ, ಜಿನನಲ್ಲಿ ಭಕ್ತಿ, ವ್ಯಾಸಭಾರತದಲ್ಲಿ ಪ್ರೀತಿ, ಅರಿಕೇಸರಿಯಲ್ಲಿ ಸ್ವಾಮಿನಿಷ್ಠೆ, ಬನವಾಸಿಯಲ್ಲಿ ಹಂಬಲ, ಇವೆಲ್ಲವೂ ಒಬ್ಬನೇ ಮನುಷ್ಯನ ಎದೆಯಲ್ಲಿ ಒಂದನ್ನೊಂದು ನೂಕದೆ ಇದ್ದುವು. ಆ ಕವಿಯ ಬಾಗಿಲಿಗೆ ಗಣತಿಯ ಮೇಷ್ಟ್ರು ಹೋಗಿದ್ದರೆ ಒಂದು ಶಬ್ದ ಸಿಕ್ಕುತ್ತಿತ್ತು, ಕವಿ ಸಿಕ್ಕುತ್ತಿರಲಿಲ್ಲ.

ದೂರದ ಪಂಪನವರೆಗೆ ಹೋಗಬೇಕಾದ್ದೂ ಇಲ್ಲ. ಹೊಸೂರಿನಿಂದ ಹೊರಟು ಕೆಲವೇ ಮೈಲಿ ನಡೆದರೆ ತೊರಪಳ್ಳಿ ಎಂಬ ಸಣ್ಣ ಹಳ್ಳಿ ಬರುತ್ತದೆ. ಆ ಊರಿನ ಮುನಸೀಫರಾಗಿದ್ದ ಶ್ರೀವೈಷ್ಣವ ಗೃಹಸ್ಥರ ಮನೆಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರ್ಯರು ಹುಟ್ಟಿದರು. ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ, ಮದರಾಸಿನಲ್ಲಿ ಕಾನೂನು, ಸೇಲಂನಲ್ಲಿ ವಕೀಲಿ, ಮುಂದಿನದು ದೇಶದ ಇತಿಹಾಸ. ಆ ಮನೆ ಇಂದು ಸ್ಮಾರಕವಾಗಿದೆ. ತಗ್ಗಿದ ಮಾಡಿನ ಆ ಮನೆಯಲ್ಲಿ ನಿಂತಾಗ ನನಗೆ ಪ್ರತಿಸಲವೂ ನೆನಪಾಗುವುದು ರಾಜಾಜಿಯವರೊಬ್ಬರಲ್ಲ. ಅವರಿಗಿಂತ ಒಂಬತ್ತು ತಿಂಗಳಿಗೆ ಚಿಕ್ಕವರಾಗಿ, 1879ರ ಸೆಪ್ಟೆಂಬರ್ 17ರಂದು ಈರೋಡಿನ ವರ್ತಕರ ಮನೆಯಲ್ಲಿ ಹುಟ್ಟಿದ ಇನ್ನೊಬ್ಬರು. ಆ ಮನೆ ಕನ್ನಡ ಬಲಿಜರದು. ಮನೆಯ ಮಾತು ಕನ್ನಡ. ತಾಯಿತಂದೆಗಳು ಪರಮ ವೈಷ್ಣವರು. ಆ ಮನೆಯ ಮಗ ಈ. ವೆ. ರಾಮಸ್ವಾಮಿ. ತಮಿಳುನಾಡು ಅವರನ್ನು ಪೆರಿಯಾರ್ ಎಂದು ಕರೆಯಿತು.

ಒಬ್ಬರು ದೇವರಿಲ್ಲವೆಂದು ಸಾರಿದ ಮನುಷ್ಯ, ಇನ್ನೊಬ್ಬರು ರಾಮಾಯಣ ಮಹಾಭಾರತಗಳನ್ನು ಮನೆಮನೆಗೆ ಮುಟ್ಟಿಸಿದ ಮನುಷ್ಯ. ಪಾಠಪುಸ್ತಕದ ದೃಷ್ಟಿಗೆ ಇವರಿಬ್ಬರೂ ಎರಡು ದಡಗಳು. ಆದರೆ ಅವರ ಜೀವನವನ್ನು ವರ್ಷವರ್ಷವಾಗಿ ಹಿಂಬಾಲಿಸಿದವರಿಗೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ರಾಜಾಜಿಯವರು ಸೇಲಂ ಪುರಸಭೆಗೆ ಅಧ್ಯಕ್ಷರು, ರಾಮಸ್ವಾಮಿಯವರು ಈರೋಡು ಪುರಸಭೆಗೆ ಅಧ್ಯಕ್ಷರು. ಆ ನೆರೆಯ ಸ್ನೇಹದಿಂದಲೇ ರಾಮಸ್ವಾಮಿಯವರು 1919ರಲ್ಲಿ ಕಾಂಗ್ರೆಸ್ಸಿಗೆ ಬಂದರು. ಅದಕ್ಕೂ ಮುನ್ನ, ದೇವರಲ್ಲಿ ನಂಬಿಕೆಯಿಲ್ಲದ ಈ ಮನುಷ್ಯ ಈರೋಡಿನ ದೇವಸ್ಥಾನ ಸಮಿತಿಯ ಹೊಣೆಯನ್ನು ಹೊತ್ತು ದೇವಾಲಯಗಳ ಆಡಳಿತವನ್ನು ನೋಡಿಕೊಂಡದ್ದುಂಟು. ಮರದ ಯಜಮಾನರ ಮಾತು ನನಗೆ ಇಲ್ಲಿ ಮತ್ತೆ ಕೇಳಿಸುತ್ತದೆ. 1924ರಲ್ಲಿ ವೈಕಂನ ದೇವಾಲಯದ ಸುತ್ತಲ ಬೀದಿಗಳಲ್ಲಿ ಎಲ್ಲರೂ ನಡೆಯುವಂತಾಗಲೆಂದು ಅವರು ಸೆರೆಮನೆಗೆ ಹೋದರು; ಅದು ದೇವರನ್ನು ಕಾಣುವ ಹಕ್ಕಿಗಾಗಿ ಅಲ್ಲ, ಬೀದಿಯಲ್ಲಿ ನಡೆಯುವ ಕಾಲುಗಳಿಗಾಗಿ.

ಮುಂದೆ ಇಬ್ಬರ ದಾರಿಗಳು ಕವಲೊಡೆದುವು. 1925ರಲ್ಲಿ ರಾಮಸ್ವಾಮಿಯವರು ಕಾಂಗ್ರೆಸ್ಸನ್ನು ಬಿಟ್ಟು ಸ್ವಾಭಿಮಾನ ಚಳವಳಿಯನ್ನು ಹಿಡಿದರು. 1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದ ರಾಜಾಜಿಯವರು ಶಾಲೆಗಳಲ್ಲಿ ಹಿಂದಿಯನ್ನು ತಂದಾಗ ಅದನ್ನು ಎದುರಿಸಿ ರಾಮಸ್ವಾಮಿಯವರು ನಿಂತರು. ಸ್ನೇಹಿತನ ಸರ್ಕಾರವೇ 1938ರಲ್ಲಿ ಅವರನ್ನು ಸೆರೆಯಲ್ಲಿರಿಸಿತು. ಅದೇ ರಾಜಾಜಿಯವರು 1937ರ ಅಕ್ಟೋಬರಿನಲ್ಲಿ ಮೊಟ್ಟಮೊದಲು ಸೇಲಂ ಜಿಲ್ಲೆಯಲ್ಲಿ, ಎಂದರೆ ನಮ್ಮ ಹೊಸೂರು ಕೃಷ್ಣಗಿರಿಗಳೂ ಅಂದು ಸೇರಿದ್ದ ಜಿಲ್ಲೆಯಲ್ಲಿ, ಪಾನನಿರೋಧವನ್ನು ಜಾರಿಗೆ ತಂದರು. ಹೆಂಡದಂಗಡಿಗಳ ವಿರುದ್ಧ ಹದಿನಾರು ವರ್ಷಗಳ ಹಿಂದೆಯೇ ಈರೋಡಿನಲ್ಲಿ ಹೋರಾಡಿದ್ದವರು ರಾಮಸ್ವಾಮಿಯವರು. ಆಚಾರವಂತ ಅಯ್ಯಂಗಾರ್ಯರೆಂದು ಎದುರಾಳಿಗಳು ಯಾರನ್ನು ಎತ್ತಿ ತೋರಿಸುತ್ತಿದ್ದರೋ ಆ ರಾಜಾಜಿಯವರು 1933ರಲ್ಲಿ ಮಗಳನ್ನು ಜಾತಿಯ ಹೊರಗೆ ಗಾಂಧೀಜಿಯವರ ಮಗನಿಗೆ ಧಾರೆಯೆರೆದು ಕೊಟ್ಟರು. 1939ರಲ್ಲಿ ಮದುರೆಯ ಮೀನಾಕ್ಷಿಯ ಗುಡಿಯೊಳಕ್ಕೆ ಅಸ್ಪೃಶ್ಯರೆನಿಸಿಕೊಂಡವರು ಕಾಲಿರಿಸಿದಾಗ, ಹಾಗೆ ಕರೆದೊಯ್ದವರಿಗೆ ಶಾಸನದ ರಕ್ಷಣೆಯನ್ನು ಕೊಟ್ಟರು. 'ಸಂಪ್ರದಾಯಸ್ಥ' ಎಂಬ ಚೀಟಿ ಈ ಮನುಷ್ಯನ ಮೈಮೇಲೆ ಎಲ್ಲಿ ಅಂಟೀತು?

ನಾನು ರಾಮಸ್ವಾಮಿಯವರ ಎಲ್ಲ ಕಾರ್ಯಗಳನ್ನೂ ಒಪ್ಪಿ ಬರೆಯುತ್ತಿಲ್ಲ. 1953ರಲ್ಲಿ ಬೀದಿಗಳಲ್ಲಿ ಗಣಪತಿಯ ಮೂರ್ತಿಗಳನ್ನು ಒಡೆಯಿಸಿದ್ದನ್ನು ನನ್ನ ಮನಸ್ಸು ಸರಿಯೆಂದು ಒಪ್ಪುವುದಿಲ್ಲ; ಇನ್ನೊಬ್ಬನ ಕಣ್ಣಿಗೆ ಪೂಜ್ಯವಾದುದನ್ನು ಒಡೆದು ಅವನ ಬುದ್ಧಿಯನ್ನು ಬಿಡಿಸಬಹುದೆಂಬುದನ್ನು ನಾನು ನಂಬಲಾರೆ. ಅಂತೆಯೇ, ಅದೇ 1953ರಲ್ಲಿ ಮಕ್ಕಳು ಅರ್ಧದಿನ ಶಾಲೆಯಲ್ಲಿಯೂ ಉಳಿದ ಹೊತ್ತು ಮನೆಯ ಕಸುಬಿನಲ್ಲಿಯೂ ಇರಲೆಂದು ರಾಜಾಜಿಯವರು ತಂದ ಯೋಜನೆಯನ್ನು ಒಬ್ಬ ಮೇಷ್ಟರಾಗಿ ನಾನು ಒಪ್ಪಲಾರೆ. ಜಾತಿಗೆ ಕಟ್ಟಿದ ಹಗ್ಗವನ್ನು ಅದು ಇನ್ನೂ ಬಿಗಿಯುವಂತಿದ್ದಿತು, ಅದನ್ನು ಎದುರಿಸಿದ ರಾಮಸ್ವಾಮಿಯವರ ಪಕ್ಷವೇ ನ್ಯಾಯದ ಪಕ್ಷ. ದೇವರಿಲ್ಲವೆಂದವರು ಒಮ್ಮೆ ಸರಿ, ಒಮ್ಮೆ ತಪ್ಪು. ಉಂಟೆಂದವರು ಒಮ್ಮೆ ಸರಿ, ಒಮ್ಮೆ ತಪ್ಪು. ಅವರ ಸರಿತಪ್ಪುಗಳು ಅವರ ನಂಬಿಕೆಯ ಅಂಕಣದಿಂದ ಹುಟ್ಟಿ ಬಂದಂತೆ ನನಗೆ ತೋರುವುದೇ ಇಲ್ಲ.

1949ರ ಮೇ ತಿಂಗಳಿನಲ್ಲಿ, ಭಾರತದ ಗವರ್ನರ್ ಜನರಲ್ಲರಾಗಿದ್ದ ರಾಜಾಜಿಯವರು ನಮ್ಮ ನೆರೆಯ ತಿರುವಣ್ಣಾಮಲೆಗೆ ಬಂದಿದ್ದಾಗ ರಾಮಸ್ವಾಮಿಯವರು ಅಲ್ಲಿಗೆ ಹೋಗಿ ಏಕಾಂತದಲ್ಲಿ ಅವರನ್ನು ಕಂಡರು. ಎಪ್ಪತ್ತರ ಹತ್ತಿರದ ಆ ವಯಸ್ಸಿನಲ್ಲಿ ತಮ್ಮ ಸಂಸ್ಥೆಯ ಆಸ್ತಿಪಾಸ್ತಿಗಳ ಭವಿಷ್ಯವನ್ನೂ, ತಾವು ಮಾಡಿಕೊಳ್ಳಬೇಕೆಂದಿದ್ದ ಮದುವೆಯನ್ನೂ ಕುರಿತು ಮನಸ್ಸು ಬಿಚ್ಚಿ ಕೇಳಲು ಅವರಿಗೆ ಬೇಕಾದುದು ಸ್ವಪಕ್ಷದ ಮಂದಿಯಲ್ಲ, ಜನ್ಮವೆಲ್ಲ ಎದುರಿಸಿ ನಿಂತ ಆ ಹಳೆಯ ಸ್ನೇಹಿತ. ಒಳಗೆ ನಡೆದ ಮಾತೇನೆಂಬುದನ್ನು, ಹೊರಗೆ ಎಷ್ಟು ಊಹಾಪೋಹಗಳೆದ್ದರೂ, ಬಹುಕಾಲ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನಂಬುವವನಿಗೂ ನಂಬದವನಿಗೂ ನಡುವೆ ಇಂಥ ನಂಬಿಕೆಯಿರುವುದು ಸಾಧ್ಯವೆಂಬುದನ್ನು ನಾವು ಏಕೆ ಮಕ್ಕಳಿಗೆ ಹೇಳಿಕೊಡುವುದಿಲ್ಲವೋ ಕಾಣೆ.

1972ರ ಡಿಸೆಂಬರ್ 25ರಂದು ರಾಜಾಜಿಯವರು ತೀರಿಕೊಂಡರು. ತೊಂಬತ್ತಮೂರರ ಪ್ರಾಯದ ರಾಮಸ್ವಾಮಿಯವರು, ನಡೆಯಲಾರದ ಸ್ಥಿತಿಯಲ್ಲಿ, ಗಾಲಿಕುರ್ಚಿಯ ಮೇಲೆ ಸ್ಮಶಾನಕ್ಕೆ ಬಂದು, ವೈದಿಕವಿಧಿಯಂತೆ ನಡೆದ ಆ ದಹನದ ಎದುರಿಗೆ ಜನರೆಲ್ಲ ನೋಡುತ್ತಿರುವಂತೆಯೇ ಅತ್ತರು. ಮುಂದಿನ ವರ್ಷ, 1973ರ ಡಿಸೆಂಬರ್ 24ರಂದು, ಅವರೂ ಹೋದರು. ಆ ಚಿತೆಯ ಮುಂದೆ ಕುಳಿತಿದ್ದ ವೃದ್ಧನ ಅಂದಿನ ಕಣ್ಣೀರು ಯಾವ ಪಕ್ಷಕ್ಕೆ ಸೇರಿದ್ದು, ಯಾವ ಸಿದ್ಧಾಂತಕ್ಕೆ ಸಂದದ್ದು? ಅರುವತ್ತು ವರ್ಷಗಳ ಹತ್ತಿರ ಜಗಳವಾಡಿ ಪ್ರೀತಿಸಿದ ಒಬ್ಬನಿಗೆ ಇನ್ನೊಬ್ಬನು ಸಲ್ಲಿಸಿದ್ದು ಅದು. ಸ್ವತ್ವವೆಂಬುದು ಎಲ್ಲಿಯಾದರೂ ಕಣ್ಣಿಗೆ ಕಾಣುವುದಾದರೆ ಅಂಥ ಗಳಿಗೆಯಲ್ಲಿ ಕಾಣುತ್ತದೆಂದು ನನ್ನ ಭಾವನೆ.

ಗೌರಿಬಿದನೂರಿನ ಬಳಿ ಇನ್ನೊಂದು ಹೊಸೂರು ಇದೆ. ಆ ಊರಿನ ಬಡ ಮನೆಯೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ಬೆಂಗಳೂರು ಬಲ್ಲುದು. ಅಮೆರಿಕದ ಓಹಾಯೋದಲ್ಲಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ, ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನು ರಚಿಸಿದ ಈ ವಿಚಾರವಾದಿ, ಖಾದಿಯ ಪಂಚೆ, ಜುಬ್ಬ, ಗಾಂಧಿ ಟೋಪಿಗಳಲ್ಲಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ಬ್ರಹ್ಮಚಾರಿಯಾಗಿ ಜೀವಮಾನ ಕಳೆದರು. ಅವರ ಬದುಕನ್ನು ಹೆಸರು ಹೇಳದೆ ವರ್ಣಿಸಿದರೆ ಕೇಳಿದವರು ಯಾವುದೋ ಮಠದ ಯತಿಯೆಂದಾರು. ತೊಂಬತ್ತರ ಪ್ರಾಯದಲ್ಲಿ 'ದೇವರು' ಎಂಬ ಹೆಸರಿನಲ್ಲಿಯೇ ಒಂದು ಗ್ರಂಥವನ್ನು ಬರೆದು, ದೇವರಿಲ್ಲವೆಂಬ ನಿರ್ಣಯಕ್ಕೆ ಬಂದ ಎ. ಎನ್. ಮೂರ್ತಿರಾಯರ ಬರವಣಿಗೆಯ ಮೃದುತ್ವವೂ ಅಷ್ಟೇ. ನಂಬುವವರ ಮನಸ್ಸನ್ನು ನೋಯಿಸದೆ ವಾದಿಸುವ ಆ ಸಂಯಮ ಎಷ್ಟು ಮಂದಿ ಭಕ್ತರಲ್ಲಿ ಸಿಕ್ಕೀತು?

ಮನುಷ್ಯರು ಹೀಗೆ ಅಂಕಣಗಳನ್ನು ಮೀರಿ ಬೆಳೆಯುತ್ತಿದ್ದರೂ ಶಾಸನ ಮಾತ್ರ ಬಹುಕಾಲ ಅವರನ್ನು ಅಂಕಣಕ್ಕೆ ಮಡಿಸಲು ಪ್ರಯತ್ನಿಸಿತು. 1872ರ ವಿಶೇಷ ವಿವಾಹ ಶಾಸನದ ಕಥೆ ಇದಕ್ಕೆ ಸಾಕ್ಷಿ. ವಿಗ್ರಹಪೂಜೆಯಿಲ್ಲದೆ ಮದುವೆಯಾಗಬೇಕೆಂದಿದ್ದ ಬ್ರಾಹ್ಮಸಮಾಜದವರ ಅನುಕೂಲಕ್ಕಾಗಿ ಬಂದ ಆ ಶಾಸನ, ವಧೂವರರು ತಾವು ಹಿಂದುವಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ, ಬೌದ್ಧರಲ್ಲ, ಜೈನರಲ್ಲ ಎಂದು ಮುಂತಾಗಿ ಬರೆದುಕೊಡಬೇಕೆಂದು ವಿಧಿಸಿತು. ಉಪನಿಷತ್ತುಗಳನ್ನೇ ಆಶ್ರಯಿಸಿದ ಒಂದು ಸಮಾಜ, ಹೆಂಡತಿಯನ್ನು ಧರ್ಮಪತ್ನಿಯೆಂದು ಕರೆಯುವ ಹಕ್ಕಿಗಾಗಿ, ತನ್ನ ಮೂಲವನ್ನೇ ನಿರಾಕರಿಸಬೇಕಾಯಿತು. 1923ರ ತಿದ್ದುಪಡಿ ಹಿಂದು, ಬೌದ್ಧ, ಸಿಖ್, ಜೈನರ ಮಟ್ಟಿಗೆ ಈ ಕಟ್ಟನ್ನು ಸಡಿಲಿಸಿತು. 1954ರ ಶಾಸನ ಅದನ್ನು ಪೂರ್ತಿಯಾಗಿ ತೆಗೆದುಹಾಕಿತು. ಇತ್ತ ತಮಿಳುನಾಡಿನಲ್ಲಿ ಪುರೋಹಿತರಿಲ್ಲದೆ ಮಂತ್ರವಿಲ್ಲದೆ ಹಾರ ಬದಲಾಯಿಸಿಕೊಂಡು ಆದ ಸ್ವಾಭಿಮಾನ ವಿವಾಹಗಳಿಗೆ 1967ರಲ್ಲಿ ಅಣ್ಣಾದುರೈಯವರ ಸರ್ಕಾರ ಸಿಂಧುತ್ವವನ್ನು ತಂದುಕೊಟ್ಟಿತು; ಆದರೆ ಅದನ್ನು ಸೇರಿಸಿದ್ದು ಹಿಂದು ವಿವಾಹ ಶಾಸನದೊಳಗೆ, ಇಬ್ಬರು ಹಿಂದುಗಳ ನಡುವಿನ ಮದುವೆಯೆಂದೇ. ಹಾಗೆ ಹಾರ ಬದಲಾಯಿಸಿಕೊಂಡ, ದೇವರಿಲ್ಲವೆಂದವನಿಗೂ ಶಾಸನದಲ್ಲಿ ನಿಲ್ಲಲು ದೊರೆತದ್ದು ಆ ನೆಲವೇ.

ಈಚೆಗಿನ ಒಂದು ವ್ಯಾಜ್ಯ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ. ಮಹಾರಾಷ್ಟ್ರದ ಕೆಲವರು ತಾವು ಯೇಸುಕ್ರಿಸ್ತನನ್ನು ನಂಬುತ್ತೇವೆ, ಆದರೆ ಕ್ರೈಸ್ತಮತವನ್ನಾಗಲಿ ಬೇರಾವ ಮತವನ್ನಾಗಲಿ ಒಪ್ಪುವುದಿಲ್ಲ, ಆದ್ದರಿಂದ ತಮ್ಮನ್ನು ಮತವಿಲ್ಲದವರೆಂದು ಸರ್ಕಾರದ ಗೆಜೆಟ್ಟಿನಲ್ಲಿ ದಾಖಲಿಸಬೇಕು ಎಂದು ಕೇಳಿದರು. ಸರ್ಕಾರಿ ಮುದ್ರಣಾಲಯ ಒಪ್ಪಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಯಾವನೇ ವ್ಯಕ್ತಿಯನ್ನು ಮತವೊಂದನ್ನು ಹೇಳಿಕೊಳ್ಳುವಂತೆ ಸರ್ಕಾರ ಬಲವಂತಪಡಿಸಲಾಗದು, ಮತವಿಲ್ಲವೆನ್ನುವುದೂ ಸಂವಿಧಾನ ಕೊಟ್ಟ ಅಂತಃಕರಣದ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ತೀರ್ಪಿತ್ತಿತು. ಭಕ್ತಿಯುಂಟು, ಮತವಿಲ್ಲ: ಇಂಥವರನ್ನು ಆಸ್ತಿಕರೆನ್ನೋಣವೇ, ನಾಸ್ತಿಕರೆನ್ನೋಣವೇ? ಅವರನ್ನು ಅವರ ಹೆಸರಿನಿಂದ ಕರೆಯುವುದೇ ಸರಿಯೆಂದು ತೋರುತ್ತದೆ.

ಕೃಷ್ಣಗಿರಿಯ ಪಕ್ಕದ, ಹಿಂದೆ ಅದರೊಡನೆ ಬಾರಾಮಹಲ್ ಸೀಮೆಗೇ ಸೇರಿದ್ದ ತಿರುಪತ್ತೂರಿನಲ್ಲಿ ಎಂ. ಎ. ಸ್ನೇಹಾ ಎಂಬ ವಕೀಲೆ, ತನಗೆ ಜಾತಿಯೂ ಇಲ್ಲ ಮತವೂ ಇಲ್ಲವೆಂಬ ಪ್ರಮಾಣಪತ್ರಕ್ಕಾಗಿ 2010ರಿಂದ ಕಚೇರಿಯ ಮೆಟ್ಟಿಲು ಹತ್ತಿ, 2019ರ ಫೆಬ್ರವರಿ 5ರಂದು ತಹಶೀಲ್ದಾರರಿಂದ ಅದನ್ನು ಪಡೆದರು. ಅವರ ತಾಯಿತಂದೆಗಳು ಹೆಣ್ಣುಮಕ್ಕಳಿಗೆ ಬೇರೆಬೇರೆ ಮತಗಳಲ್ಲಿ ರೂಢಿಯಲ್ಲಿರುವ ಹೆಸರುಗಳನ್ನಿಟ್ಟು, ಶಾಲೆಯ ದಾಖಲೆಗಳಲ್ಲಿ ಆ ಅಂಕಣಗಳನ್ನು ಬರಿದಾಗಿಯೇ ಬಿಟ್ಟು ಬೆಳೆಸಿದವರು. ಹಾಗೆ ಬಿಡಲು 1973ರಲ್ಲಿಯೇ ತಮಿಳುನಾಡು ಸರ್ಕಾರದ ಆದೇಶವಿದ್ದಿತು. ಅಂಥ ಪತ್ರ ಕೊಡಲು ತಹಶೀಲ್ದಾರರಿಗೆ ಅಧಿಕಾರವುಂಟೇ ಎಂಬ ಪ್ರಶ್ನೆ ಮುಂದೆ ನ್ಯಾಯಾಲಯಕ್ಕೆ ಹೋಗಿ, 2025ರ ಜೂನಿನಲ್ಲಿ, ಅದೇ ತಿರುಪತ್ತೂರು ಜಿಲ್ಲೆಯ ಇನ್ನೊಬ್ಬರ ಅರ್ಜಿಯ ಮೇಲೆ, ಕೊಡುವಂತೆ ಏರ್ಪಾಡು ಮಾಡಬೇಕೆಂದು ಮದರಾಸು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಸರ್ಕಾರಕ್ಕೆ ನಿರ್ದೇಶಿಸಿತು.

ಆ ವಕೀಲೆಯ ಹಟವನ್ನು ನಾನು ಮನಃಪೂರ್ವಕ ಗೌರವಿಸುತ್ತೇನೆ. ಆದರೂ ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದು, ಅಂಕಣವನ್ನು ಬರಿದು ಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಬೆಲೆಗೆ ದೊರೆಯತಕ್ಕದ್ದಲ್ಲ. ನನ್ನ ಶಾಲೆಯಲ್ಲಿ ಓದಿದ ದಲಿತ ಮಕ್ಕಳಿಗೆ ಜಾತಿಯ ಪ್ರಮಾಣಪತ್ರವೆಂದರೆ ಅವಮಾನದ ದಾಖಲೆಯೂ ಹೌದು, ಕಾಲೇಜಿನ ಬಾಗಿಲು ತೆರೆಯುವ ಬೀಗದಕೈಯೂ ಹೌದು; ಅದನ್ನು ತಹಶೀಲ್ದಾರರ ಕಚೇರಿಯಿಂದ ಪಡೆಯಲು ಅವರ ತಾಯಿತಂದೆಗಳು ಕೂಲಿ ಬಿಟ್ಟು ಅಲೆದುದನ್ನು ಕಂಡಿದ್ದೇನೆ. ಮತ ಬದಲಾದರೆ ಪರಿಶಿಷ್ಟ ಜಾತಿಯ ಹಕ್ಕು ಹೋಗುತ್ತದೆಂಬ ಭಯದಿಂದ ಮನೆಯೊಳಗಿನ ನಂಬಿಕೆಯನ್ನು ಕಾಗದದ ಮೇಲೆ ಹೇಳಿಕೊಳ್ಳಲಾರದವರೂ ಇದ್ದಾರೆ. ಅವರಿಗೆ 'ಚೀಟಿಗಳನ್ನೆಲ್ಲ ಕಿತ್ತೆಸೆಯಿರಿ' ಎಂದು ಉಪದೇಶಿಸುವ ಧೈರ್ಯ ನನಗಿಲ್ಲ. ಆ ಚೀಟಿಯನ್ನು ಅಂಟಿಸಿದವರು ಮೊದಲು ತಮ್ಮ ಕೈಯ ಅಂಟನ್ನು ತೊಳೆದುಕೊಳ್ಳಬೇಕು. ಎರಡನೆಯದು, 'ಮತವಿಲ್ಲದವನು' ಎಂಬುದೂ ಕಾಲಕ್ರಮದಲ್ಲಿ ಒಂದು ಮತದ ಹೆಸರಾಗಿಬಿಡಬಹುದು. 2011ರ ಗಣತಿಯಲ್ಲಿ ಮತವನ್ನು ತಿಳಿಸದೆ ಉಳಿದವರು 28 ಲಕ್ಷಕ್ಕೂ ಮೇಲ್ಪಟ್ಟು. ನಾಸ್ತಿಕರೆಂದೇ ಬರೆಯಿಸಿಕೊಂಡವರು ಸುಮಾರು 33,000 ಮಾತ್ರ. ಆ ದೊಡ್ಡ ಸಂಖ್ಯೆಯಲ್ಲಿ ಭಕ್ತರೂ ಇದ್ದಾರು, ಸಂಶಯಿಗಳೂ ಇದ್ದಾರು, ಗಣತಿಯವನು ಬಂದಾಗ ಮನೆಯಲ್ಲಿಲ್ಲದವರೂ ಇದ್ದಾರು. ಹಿಂದುವೆಂದು ಬರೆಯಿಸಿಕೊಂಡವರ ಸಂಖ್ಯೆಯಲ್ಲಿ ನನ್ನ ಮರದ ಯಜಮಾನರು ಇದ್ದಾರೆ.

ನಮ್ಮ ಸೀಮೆಯ ಜನ ಅಂಕಣಗಳನ್ನು ಮೀರಿ ಬಾಳುವುದನ್ನು ಯಾರಿಂದಲೂ ಕಲಿಯಬೇಕಾದ್ದಿಲ್ಲವೆಂದು ನನಗೆ ಅನ್ನಿಸುವುದುಂಟು. ಕೃಷ್ಣಗಿರಿಯ ಕೋಟೆಯಿರುವ ಬೆಟ್ಟಕ್ಕೆ ಅಲ್ಲಿನ ದರ್ಗಾದ ಸೈಯದ್ ಬಾಷಾ ಅವರ ಹೆಸರೇ ನಿಂತಿದೆ; ಕೋಟೆಯನ್ನು ವಿಜಯನಗರದವರ ಕಾಲದ್ದೆನ್ನುವ ಊರವರು ಬೆಟ್ಟವನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಶೂಲಗಿರಿಯ ಬಳಿ ಮಲ್ಲಚಂದ್ರದ ಬಂಡೆಯ ಮೇಲೆ ಪ್ರಾಗೈತಿಹಾಸಿಕ ಶಿಲಾಸಮಾಧಿಗಳಿವೆ, ಅಗಲವಾದ ಚಪ್ಪಡಿಗಳನ್ನು ನೆಟ್ಟು ಮೇಲೊಂದನ್ನು ಹೊದಿಸಿ ಮಾಡಿದ ಆ ಮನೆಗಳ ನಡುವೆ ಮಕ್ಕಳನ್ನು ಕರೆದೊಯ್ದಾಗ ಒಬ್ಬ ಹುಡುಗ, "ಇವರು ಯಾವ ಮತದೋರು ಸಾರ್?" ಎಂದು ಕೇಳಿದ್ದನು. ಸತ್ತವರನ್ನು ಬಿಸಿಲಿಗೆ ಬಿಡದೆ ಇಷ್ಟು ಭಾರದ ಕಲ್ಲನ್ನು ಇಷ್ಟೊಂದು ಜನ ಸೇರಿ ಹೊತ್ತು ತಂದವರು ಎಂದಷ್ಟೇ ಹೇಳಿದೆ. ಅವನು ಆ ಕಲ್ಲಿನ ಅಡಿಗೆ ಕೈಯಿಟ್ಟು ಎತ್ತಲು ನೋಡಿ, ಆಗದೆ ನಕ್ಕನು.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. ಈಗ ಅದು 2027ಕ್ಕೆ ಗೊತ್ತಾಗಿದೆ. ನನ್ನ ಕೆಲಸದ ವಯಸ್ಸು ಮುಗಿಯಿತು, ಬೇರೆ ಯಾರೋ ಚಿಕ್ಕ ಮೇಷ್ಟರು ಆ ಜಗಲಿಗೆ ಹೋಗಿಯಾರು. ಯಜಮಾನರು ಅಲ್ಲಿ ಸಿಕ್ಕುವುದಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ಬಂದ ಮೊದಲ ಫಾಲ್ಗುಣದಲ್ಲಿ ಆ ಊರಿನ ತೇರಿಗೆ ಹೋದೆ. ಮರ ಈಗ ಮೊಮ್ಮಗನ ಕೈಯಲ್ಲಿದೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಹುಡುಗ. ವರ್ಷವರ್ಷವೂ ಮಾಲೆ ಧರಿಸಿ ಶಬರಿಮಲೆಗೆ ಹೋಗುವವನು. ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ವಿಭೂತಿ. ತಾತನಿಗಿಲ್ಲದ ದೇವರು ಮೊಮ್ಮಗನಿಗೆ ಇದ್ದಾನೆ. ಹುಣಿಸೆಯ ಮರದ ತುಂಡು ಮಾತ್ರ ಅದೇ, ಹಿಡಿ ಸವೆದು ನುಣುಪಾಗಿ, ಗಾಲಿ ಕಚ್ಚಿದ ಕಡೆ ಬೆಳ್ಳಗೆ ಸಿಬಿರೆದ್ದು.

ತೇರು ಇಳಿಜಾರಿಗೆ ಬಂದಾಗ ಜನರೆಲ್ಲ ಮೇಲಕ್ಕೆ ನೋಡಿ ಕೈ ಜೋಡಿಸಿದರು. ಬಾಳೆಯ ಹಣ್ಣುಗಳೂ ಹೂವೂ ಕಳಶದ ಕಡೆಗೆ ಹಾರಿದುವು. ಆ ಹುಡುಗನೊಬ್ಬನು ಮಾತ್ರ ಮೇಲಕ್ಕೆ ನೋಡಲಿಲ್ಲ. ಬೆನ್ನು ಬಾಗಿಸಿ, ಮರವನ್ನು ಎರಡು ಕೈಗಳಲ್ಲಿಯೂ ಹಿಡಿದು, ಹತ್ತಿರ ಹತ್ತಿರಕ್ಕೆ ನುಗ್ಗಿ ಬರುತ್ತಿದ್ದ ಮಕ್ಕಳ ಕಾಲುಗಳ ಮೇಲೆ ಕಣ್ಣಿಟ್ಟು, "ಸರೀರಿ, ಸರೀರಿ, ಜರುಗಂಡಿ, ತಳ್ಳಿ ನಿಲ್ಲುಂಗೋ" ಎಂದು ಮೂರು ಭಾಷೆಗಳಲ್ಲಿಯೂ ಕೂಗುತ್ತ, ಅವನು ಚಕ್ರದ ಜೊತೆಜೊತೆಗೆ ಹಿಮ್ಮುಖವಾಗಿ ನಡೆಯುತ್ತಿದ್ದನು.